ನಾನು ಹೆಣೆದ ದುಂಬಿ ಗುಂಯ್‌ಗುಟ್ಟಿದ್ದು

ನೀವು ನಂಬುವುದಿಲ್ಲ, ಗೊತ್ತು. ಕದ್ರಿಯ ನಮ್ಮ ಓಣಿಯಲ್ಲಿ ನನ್ನ ಮಾತು ನಂಬುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ಹೇಳುತ್ತೇನೆ. ಆ ಕಾಲವೆಂದರೆ ನನಗೆ ಎಂಟೋ ಒಂಬತ್ತೋ ಆಗಿದ್ದ ಕಾಲ. ಈಗ ಹದಿನಾರಾಗಿರುವುದರಿಂದ ‘ಆ ಕಾಲ’ ಎನ್ನುವ ಅಧಿಕಾರ ನನಗೂ ಬಂದಿದೆ. ಆಗಿನ ಬೇಸಗೆ ಈಗಿನಂಥದ್ದಲ್ಲ. ಗುಡ್ಡೆಯಿಂದ ಇಳಿದು ಬರುವ ಗೇರುಹಣ್ಣಿನ ವಾಸನೆ ಎಷ್ಟು ದಪ್ಪವೆಂದರೆ, ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿಕೊಂಡೇ ಬಾವಿಕಟ್ಟೆಗೆ ಹೋಗಬೇಕಿತ್ತು. ಅಂಗಳದಲ್ಲಿ ಒಣಹಾಕಿದ ಹಲಸಿನ ಹಪ್ಪಳವನ್ನು ನಾವು ಹಸಿಹಸಿಯಾಗಿಯೇ ತಿಂದು ದೂರನ್ನು ಕಾಗೆಗಳ ಮೇಲೆ ಹಾಕುತ್ತಿದ್ದೆವು. ಪಾಪ, ಆ ವರ್ಷ ಕಾಗೆಗಳು ಸೊರಗಿ ಗುಬ್ಬಚ್ಚಿಗಳಷ್ಟಾಗಿದ್ದವು.

ರಜೆ ಸಿಗುವ ಮೊದಲು ಹೊಲಿಗೆಯ ಟೀಚರು ನನಗೆ ಒಂದು ಕ್ರೋಶಾ ಕಡ್ಡಿಯನ್ನು ಬಹುಮಾನವಾಗಿ ಕೊಟ್ಟಿದ್ದರು. ಉಕ್ಕಿನದು, ಹಡಗಿನಲ್ಲಿ ಬಂದದ್ದು, ತುದಿಯಲ್ಲಿ ಇರುವೆಯ ಮೂಗಿನಷ್ಟು ಕೊಕ್ಕೆ. ನಾನು ಅದನ್ನು ಜಡೆಗೆ ಸಿಕ್ಕಿಸಿಕೊಂಡೇ ಉಣ್ಣುತ್ತಿದ್ದೆ, ಸಿಕ್ಕಿಸಿಕೊಂಡೇ ಮಲಗುತ್ತಿದ್ದೆ. ಪಕ್ಕದ ಮನೆಯ ಖತೀಜಾ ನನ್ನ ಜೀವದ ಗೆಳತಿ. ಅವಳಪ್ಪನಿಗೆ ಬಂದರಿನಲ್ಲಿ ಒಣಮೆಣಸಿನ ಅಂಗಡಿ. ಮನೆಯಲ್ಲಿ ಎಲ್ಲ ಇದ್ದರೂ ನನ್ನ ಕಡ್ಡಿಯ ಮೇಲೆ ಮಾತ್ರ ಅವಳಿಗೆ ಕಣ್ಣು.

ಉಳಿದ ಹುಡುಗಿಯರೆಲ್ಲ ಮೇಜಿನ ಬಟ್ಟೆಗೆ ಅಂಚು ಹೆಣೆದರು. ನಾನು ದುಂಬಿ ಹೆಣೆಯುತ್ತೇನೆಂದು ಸಾರಿದೆ. ನಮ್ಮ ಚಾವಡಿಯ ಮಾಡು ಹೊತ್ತ ಮರದ ಪಕಾಸುಗಳನ್ನು ಕೊರೆದು ತೂತು ಮಾಡಿ, ಕೆಳಗೆ ಕೂತವರ ತಲೆಗೆ ಮರದ ಹುಡಿ ಉದುರಿಸುವ ಕಪ್ಪು ದುಂಬಿಗಳಿದ್ದವಲ್ಲ, ಅಂಥದ್ದು. ಅಮ್ಮನ ಬಿಳಿ ನೂಲನ್ನು ಶಾಯಿಯಲ್ಲಿ ಅದ್ದಿದೆ. ದುಂಬಿ ಕಪ್ಪಾಗುವ ಮೊದಲು ಮೊಣಕೈವರೆಗೆ ನಾನು ಕಪ್ಪಾದೆ. ಮೊದಲು ಸಣ್ಣ ಉಂಗುರ, ಅದರ ಸುತ್ತ ಕುಣಿಕೆ, ಕುಣಿಕೆಯೊಳಗೆ ಕುಣಿಕೆ. ಹೊಟ್ಟೆ ಗೋಳಿಬಜೆಯಂತೆ ಉಬ್ಬಿತು. ಕಾಲು ಆರು ಸಾಕಿತ್ತು, ನೂಲು ಉಳಿಯಿತೆಂದು ಎಂಟು ಇಟ್ಟೆ. ಕಣ್ಣಿಗೆ ಗುಲಗಂಜಿ. ರೆಕ್ಕೆ ಜೋತು ಬೀಳಬಾರದೆಂದು ಗಂಜಿಯಲ್ಲಿ ಮುಳುಗಿಸಿದೆ. ಒಳಗೆ ತುಂಬಲು ಖತೀಜಾ ತನ್ನ ದಿಂಬಿನಿಂದ ಬೂರುಗದ ಹತ್ತಿ ಕಿತ್ತು ತಂದಳು. ಸ್ವಲ್ಪ ತಂದಳೆಂದು ಅವಳು ಹೇಳುತ್ತಾಳೆ, ಆದರೆ ಅವಳ ತಲೆ ಅಂದಿನಿಂದ ಹಲಗೆಯ ಮೇಲೆಯೇ ಮಲಗಿತು.

ಹೊಟ್ಟೆ ಮುಚ್ಚಿ ಗಂಟು ಹಾಕುವಷ್ಟರಲ್ಲಿ ಅಜ್ಜಿ ತಡೆದರು. ಕುಂಬಾರ ಹುಳದ ಕತೆ ಗೊತ್ತುಂಟಾ ಎಂದು ಕೇಳಿದರು. ಅದು ಎಲ್ಲಿಂದಲೋ ಒಂದು ಹುಳವನ್ನು ತಂದು ಮಣ್ಣಿನ ಗೂಡಿನೊಳಗೆ ಇಟ್ಟು, ಸುತ್ತ ಗುಂಯ್ ಎನ್ನುತ್ತಲೇ ಇರುತ್ತದಂತೆ. ಒಳಗಿನ ಹುಳ ಆ ಸದ್ದನ್ನೇ ಕೇಳಿ ಕೇಳಿ, ಅದನ್ನೇ ಧ್ಯಾನಿಸಿ, ಒಂದು ದಿನ ತಾನೂ ರೆಕ್ಕೆ ಪಡೆದು ಹಾರುತ್ತದಂತೆ.

“ಹೊಟ್ಟೆ ಮುಚ್ಚಬೇಡ ಮಗಾ,” ಎಂದರು ಅಜ್ಜಿ. “ಬಾಗಿಲಿಲ್ಲದ ಮನೆಗೆ ಯಾರು ಬರ್ತಾರೆ? ಜೀವ ಬಂದ ಮೇಲೆ ಮುಚ್ಚಿದರಾಯ್ತು.”

ನನಗೆ ಅಷ್ಟು ಸಾಕಿತ್ತು. ನಾನು ಹೆಣೆದ ದುಂಬಿ ಹಾಡುತ್ತದೆ ಎಂದು ಓಣಿಯ ತುದಿಯವರೆಗೆ ಸುದ್ದಿ ಮುಟ್ಟಿಸಿದೆ.

“ಸುಮ್ಮನೆ ಲೊಟ್ಟೆ ಬಿಡ್ಬೇಡ ಮಾರಾಯ್ತಿ,” ಎಂದಳು ಖತೀಜಾ. “ನೂಲು ಎಲ್ಲಿಯಾದ್ರೂ ಹಾಡ್ತದಾ? ಹಾಡದಿದ್ರೆ ಕಡ್ಡಿ ನನಗೆ.”

ಆಗಲಿ ಎಂದುಬಿಟ್ಟೆ. ಎಲ್ಲರೆದುರು ಇನ್ನೇನು ಹೇಳಲಿ? ಕಡ್ಡಿಯನ್ನು ಪಂಥದ ಒತ್ತೆಯಾಗಿ ಆಗಲೇ ಅವಳ ಕೈಗೆ ಕೊಡಬೇಕಾಯಿತು. ಕೊಟ್ಟ ಮೇಲೆ ಕೊಟ್ಟಿಗೆಯ ಹಿಂದೆ ಹೋಗಿ, ಬಾವಿ ತುಂಬುವಷ್ಟು ಅತ್ತೆ.

ದುಂಬಿಯ ಗಂಜಿ ಒಣಗಲೆಂದು ಅದನ್ನು ಪಕಾಸಿಗೆ ಕಟ್ಟಿ ತೂಗುಹಾಕಿದೆ. ದಿನವೂ ಅದರ ಕೆಳಗೆ ನಿಂತು ಗುಂಯ್ ಎಂದೆ. ಹಲ್ಲುಜ್ಜುವಾಗ ಗುಂಯ್, ಮೀಯುವಾಗ ಗುಂಯ್. ಅಮ್ಮ ನನ್ನ ನೆತ್ತಿಗೆ ಸೂರ್ಯನ ಕಾವು ಏರಿದೆಯೆಂದು ಮಜ್ಜಿಗೆ ಕುಡಿಸಿದರು. ದುಂಬಿಯದು ಮಾತ್ರ ಮೌನವ್ರತ.

ಕೊನೆಗೆ ಒಂದು ಸಂಜೆ ಓಣಿಯ ಮಕ್ಕಳೆಲ್ಲ ತಮಾಷೆ ನೋಡಲು ಚಾವಡಿಗೆ ಬಂದರು. ದುಂಬಿಯನ್ನು ಇಳಿಸಿ ಮಣೆಯ ಮೇಲೆ ಕೂರಿಸಿದೆ. ನಾನೊಬ್ಬಳೇ ಗುಂಯ್ ಎನ್ನಲು ಶುರುಮಾಡಿದೆ. ಅವರು ನಕ್ಕರು. ಆಮೇಲೆ ಅಣಕಿಸಲಿಕ್ಕೆಂದು ಒಬ್ಬ ಸೇರಿದ, ಅವನನ್ನು ಅಣಕಿಸಲಿಕ್ಕೆ ಇನ್ನೊಬ್ಬ, ಕಡೆಗೆ ಅಜ್ಜಿಯೂ ಎಲೆಯಡಿಕೆ ಉಗಿದು ಬಂದು ಸೇರಿದರು. ಸೆಗಣಿ ಸಾರಿಸಿದ ನೆಲ ನಮ್ಮ ಅಂಗಾಲಿನ ಕೆಳಗೆ ನಡುಗುತ್ತಿತ್ತು. ಉಸಿರು ತಿರುಗಿಸಲು ಎಲ್ಲರೂ ಒಮ್ಮೆಲೇ ನಿಲ್ಲಿಸಿದೆವು.

ಗುಂಯ್ ಎಂಬುದು ಮಾತ್ರ ನಿಲ್ಲಲಿಲ್ಲ.

ಮಣೆಯ ಮೇಲೆ ನನ್ನ ದುಂಬಿಯ ಹೊಟ್ಟೆ ಅದುರಿತು. ಎಂಟು ಕಾಲುಗಳೂ ಅದುರಿದವು. ಗಂಜಿ ಹಾಕಿದ ರೆಕ್ಕೆಯ ಮೇಲೆ ಸಂಜೆಯ ಬಿಸಿಲು ಹರಿದಾಡಿತು. ಇಲ್ಲಿ ನಾನು ಒಂದು ಚೂರೂ ಹೆಚ್ಚು ಹೇಳುತ್ತಿಲ್ಲ, ಹೇಳಬೇಕೆಂದರೂ ಬಾಯಿ ಬರುವುದಿಲ್ಲ. ಅಜ್ಜಿ ಕೈಮುಗಿದರು. ಖತೀಜಾ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ನಾನು ಮಾಡಿದ್ದಕ್ಕೆ ನನಗೇ ಭಯವಾಗಿ, ಕೂತಲ್ಲಿಂದಲೇ ಹಿಂದೆ ಸರಿದೆ. ಆಮೇಲೆ ಪೇಟೆಯ ಹಂಪನಕಟ್ಟೆಯಲ್ಲಿ ಎಷ್ಟೋ ಹೊಸ ಮೋಟಾರು ನೋಡಿದ್ದೇನೆ, ಅಷ್ಟು ರೋಮ ಎದ್ದದ್ದಿಲ್ಲ.

ಅಷ್ಟರಲ್ಲಿ ಅಪ್ಪ ಬಂದರು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು, ಕೊಡೆ ಮಡಚುತ್ತಾ ಒಳಗೆ ಹೆಜ್ಜೆಯಿಟ್ಟವರು, “ಎಂತ ಇದು, ಭಜನೆಯಾ?” ಎಂದರು. ದುಂಬಿಯನ್ನು ಎತ್ತಿ ಕಿವಿಗೆ ಹಿಡಿದರು. ಗಂಟು ಹಾಕದೆ ಬಿಟ್ಟಿದ್ದ ನೂಲಿನ ತುದಿಯನ್ನು ಹಿಡಿದು ಅಪ್ಪ ಎಳೆದರು. ಸರಸರನೆ ಕುಣಿಕೆ ಬಿಚ್ಚುತ್ತಾ ಹೋಯಿತು. ಹೊಟ್ಟೆ ಕರಗಿತು, ರೆಕ್ಕೆ ಕಳಚಿ ಬಿತ್ತು, ಗುಲಗಂಜಿ ಮೂಲೆಗೆ ಉರುಳಿತು. ಹತ್ತಿಯ ನಡುವಿನಿಂದ ಜೀವಂತ ಕಪ್ಪು ದುಂಬಿಯೊಂದು ಎದ್ದು, ನಮ್ಮೆಲ್ಲರ ತಲೆಯ ಮೇಲೊಂದು ಸುತ್ತು ಹಾಕಿ, ಅಂಗಳ ದಾಟಿ ಹೋಯಿತು.

ಖತೀಜಾ ಕಡ್ಡಿಯನ್ನು ಎರಡೂ ಕೈಯಿಂದ ನನ್ನ ಕೈಗಿಟ್ಟಳು.

“ಪಕಾಸಿನ ದುಂಬಿ ಮಾರಾಯ್ತಿ, ತೂತು ಕಂಡು ಹೊಕ್ಕಿದೆ, ಅಷ್ಟೇ,” ಎಂದರು ಅಪ್ಪ, ಬೆರಳಿಗೆ ಸುತ್ತಿಕೊಂಡ ನೂಲನ್ನು ಬಿಡಿಸುತ್ತಾ. “ಎಲ್ಲರೂ ಮನೆಗೆ ಹೋಗಿ.”

ಎಲ್ಲರೂ ಹೋದರು, ಹೋಗುವಾಗ ಅಪ್ಪನನ್ನು ಕನಿಕರದಿಂದ ನೋಡುತ್ತಾ. ತಮ್ಮ ಕೈಯಲ್ಲೇ ನಡೆದ ಪವಾಡ ಅವರೊಬ್ಬರಿಗೆ ಮಾತ್ರ ಕಾಣಲಿಲ್ಲವಲ್ಲ, ಪಾಪ ಅಪ್ಪ, ಎಂದುಕೊಂಡೆ. ಈಗೀಗ ನನಗೂ ಅಪ್ಪ ಕಂಡದ್ದೇ ಕಾಣುತ್ತದೆ.