ಹುಳಿ ಬಂದ ಅಪ್ಪಂ

ಪುತ್ತೂರಿನಲ್ಲಿ ನಾನಿರುವ ಮಹಡಿಯ ಕೆಳಗಿನ ಮನೆಯಿಂದ ಮೊನ್ನೆ ಗುರುವಾರ ಸಂಜೆ ತೆಂಗಿನ ಹಾಲಿಗೆ ಬೆಲ್ಲ, ಒಣಶುಂಠಿ ಹಾಕಿ ಕಾಯಿಸುವ ಪರಿಮಳ ಬಂತು. ಬಟ್ಟೆ ಮಡಚುತ್ತಿದ್ದವಳು ಹಾಗೇ ನಿಂತೆ. ಕ್ಯಾಲೆಂಡರ್ ನೋಡಬೇಕಾಗಲಿಲ್ಲ. ಈಸ್ಟರಿಗೆ ಮುಂಚಿನ ಗುರುವಾರ, ಪೆಸಹಾ. ಈ ಪರಿಮಳ ಬಂದರೆ ನನಗೆ ಚೇಟತ್ತಿ ನೆನಪಾಗದೆ ಇರುವುದಿಲ್ಲ.

ಚೇಟತ್ತಿ ಎಂದರೆ ಮಲಯಾಳದಲ್ಲಿ ಅಣ್ಣನ ಹೆಂಡತಿ. ನೆಲ್ಯಾಡಿಯಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಮೈದುನ ಹಾಗೆ ಕರೆಯುತ್ತಿದ್ದ, ಅವನಿಂದ ಕೇಳಿ ಇಡೀ ಊರು ಕರೆಯಿತು. ಅವರ ಮಾವನ ಕಾಲದಲ್ಲಿ ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದ ಮನೆತನ. ನಮ್ಮದು ತುಳು, ಅವರದು ಮಲಯಾಳ. ಬೇಲಿಯ ಹತ್ತಿರ ಅಮ್ಮನಿಗೂ ಅವರಿಗೂ ಕನ್ನಡದಲ್ಲಿ ಮಾತು. ಯಾವ ಮಾತೂ ಕೊನೆಗೆ "ಎಲ್ಲ ಕರ್ತನಿಗೆ ಒಪ್ಪಿಸಿದ್ದೇನೆ" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ದನ ಹಾಲು ಕೊಡದಿದ್ದರೂ ಕರ್ತನಿಗೆ, ಮಳೆ ಬಂದು ರಬ್ಬರ್ ಟ್ಯಾಪಿಂಗ್ ನಿಂತರೂ ಕರ್ತನಿಗೆ. "ನಿಮ್ಮ ಕರ್ತನಿಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?" ಎಂದು ಅಮ್ಮ ತಮಾಷೆ ಮಾಡುತ್ತಿದ್ದರು.

ಪ್ರತಿ ವರ್ಷ ಪೆಸಹಾ ದಿನ ಅವರು ಅಕ್ಕಿ, ಉದ್ದು ಅರೆದು ಅಪ್ಪಂ ಬೇಯಿಸಿ, ಅದರ ಜೊತೆಗೆ ಬೆಲ್ಲದ ತೆಂಗಿನ ಹಾಲು ಕಾಯಿಸುತ್ತಿದ್ದರು. ಹಿಂದಿನ ಭಾನುವಾರ ಇಗರ್ಜಿಯಿಂದ ತಂದ ಎಳೆ ಗರಿಯನ್ನು ಶಿಲುಬೆ ಮಾಡಿ ಅದರ ಮೇಲಿಡುತ್ತಿದ್ದರು. ಸಂಜೆ ಪ್ರಾರ್ಥನೆ ಮುಗಿಸಿ ಮನೆಯ ಹಿರಿಯ ಗಂಡಸು ಅದನ್ನು ಮುರಿದು ಒಬ್ಬೊಬ್ಬರ ಕೈಗೆ ಕೊಡಬೇಕು. ಆ ಅಪ್ಪಂ ಹೊರಗಿನವರಿಗೆ ಇಲ್ಲ. ನಮಗೆಂದೇ ಶಿಲುಬೆ ಇಲ್ಲದ್ದು ಬೇರೆ ಮಾಡಿ ಕಳಿಸುತ್ತಿದ್ದರು, ಮೆತ್ತಗೆ ಉಬ್ಬಿದ್ದು. ಇನ್ನೊಂದೇ ಬೇಕೆಂದು ಚಿಕ್ಕವಳಿದ್ದಾಗ ನಾನು ಹಠ ಮಾಡಿದ್ದುಂಟು.

ಚೇಟತ್ತಿಯ ಗಂಡ ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಗೆ. ಎದೆನೋವು... ಅವರ ಮನೆಗೆ ಜೀಪು ಬರುವ ದಾರಿ ಮೈದುನನ ತೋಟದೊಳಗಿಂದ. ಆಸ್ತಿ ಪಾಲಾದ ಮೇಲೆ ಆ ದಾರಿಯ ವಿಷಯದಲ್ಲಿ ಅಣ್ಣ ತಮ್ಮಂದಿರಿಗೆ ಮನಸ್ತಾಪವಾಗಿ ಮೈದುನ ಗೇಟು ಹಾಕಿ ಬೀಗ ಜಡಿದಿದ್ದ. ಅಂದು ಅವನು ಕಡಬಕ್ಕೆ ಹೋಗಿದ್ದ, ಕೀಲಿ ಅವನ ಕಿಸೆಯಲ್ಲಿ. ಜೀಪು ಗೇಟಿನ ಆಚೆಯೇ ನಿಂತಿತು. ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುವಾಗ ಗೇಟು ಮುಟ್ಟುವ ಮೊದಲೇ ಜೀವ ಹೋಯಿತು. ಬೀಗ ಇಲ್ಲದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾರೂ ಹೇಳಲಾರರು. ಚೇಟತ್ತಿ ಮಾತ್ರ ಮೈದುನನ ಮುಖ ನೋಡುವುದನ್ನು ಬಿಟ್ಟರು. ಮಣ್ಣು ಮಾಡುವ ದಿನವೂ ನೋಡಲಿಲ್ಲ.

ಮುಂದಿನ ಪೆಸಹಾ ಬಂತು. ಸಾವಾದ ಮನೆಯಲ್ಲಿ ಆ ವರ್ಷ ಅಪ್ಪಂ ಮಾಡುವ ಕ್ರಮ ಇಲ್ಲ, ಬೇರೆ ಮನೆಯ ನೆಂಟರು ತಂದುಕೊಡಬೇಕು. ಚೇಟತ್ತಿಗೆ ಮಕ್ಕಳಿರಲಿಲ್ಲ. ಹತ್ತಿರದ ನೆಂಟನೆಂದರೆ ಮೈದುನ. ಮುರಿದು ಕೊಡಬೇಕಾದ ಗಂಡಸೂ ಈಗ ಅವನೇ.

"ಅವ ಮುರಿದದ್ದು ನನ್ನ ಗಂಟಲಲ್ಲಿ ಇಳಿಲಿಕ್ಕಿಲ್ಲ" ಎಂದು ಚೇಟತ್ತಿ ಬೇಲಿಯ ಹತ್ತಿರ ಅಮ್ಮನಿಗೆ ಹೇಳಿದರು. "ತಿನ್ನದಿದ್ರೆ ನನಗೆ ಈ ವರ್ಷ ಈಸ್ಟರೇ ಇಲ್ಲ."

ಅಮ್ಮನಿಗೆ ತಡೆಯಲಿಲ್ಲ. ತಾನೇ ಮಾಡಿಬಿಟ್ಟರು. ನಮಗೆ ಬರುತ್ತಿದ್ದ ಅಪ್ಪಂ ನೆನಪಿಟ್ಟುಕೊಂಡು ಹಿಂದಿನ ದಿನವೇ ಅರೆದು, ಹಿಟ್ಟು ಉಬ್ಬಿದ ಮೇಲೆ ಹಬೆಯಲ್ಲಿ ಬೇಯಿಸಿ, ನಮ್ಮ ತೆಂಗಿನ ಗರಿಯ ಶಿಲುಬೆಯನ್ನೂ ಮೇಲಿಟ್ಟರು. ಸಂಜೆ ಪಾತ್ರೆ ಹಿಡಿದು ನಾನು ಅವರ ಹಿಂದೆ ಹೋದೆ.

ಚೇಟತ್ತಿ ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನಕ್ಕರು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು.

"ಇದು ಹುಳಿ ಬಂದಿದೆ ಮಾರಾಯ್ರೆ. ಪೆಸಹಾ ಅಪ್ಪಂಗೆ ಹುಳಿ ಬರ್ಲಿಕ್ಕೆ ಇಲ್ಲ, ಅರೆದ ಕೂಡ್ಲೆ ಬೇಯಿಸುದು."

ಅಮ್ಮನ ಮುಖ ಸಣ್ಣದಾಯಿತು. "ನೀವು ಶಿಲುಬೆ ಇಟ್ಟದ್ರಲ್ಲಿ ಒಂದು ತುಂಡು ಕೊಟ್ಟಿದ್ರೆ ಅಲ್ವಾ ನನಗೆ ಗೊತ್ತಾಗುದು?"

ಅಷ್ಟರಲ್ಲಿ ಮೈದುನ ಅಂಗಳಕ್ಕೆ ಬಂದ. ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ತಟ್ಟೆ. ಮೆಟ್ಟಿಲು ಹತ್ತಲಿಲ್ಲ. "ಚೇಟತ್ತೀ" ಎಂದ, ಅಷ್ಟೇ. ಚೇಟತ್ತಿಯ ನಗು ನಿಂತಿತು. ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲ ಎಂದೇ ನಾನು ಎಣಿಸಿದೆ. ಅವನು ನಿಂತೇ ಇದ್ದ. ನಾವಿಬ್ಬರೂ ಎಲ್ಲಿ ನೋಡುವುದೆಂದು ತಿಳಿಯದೆ ಅಂಗಳದ ಕೋಳಿಗಳನ್ನು ನೋಡಿದೆವು... ಚೇಟತ್ತಿ ಹೊರಗೆ ಬಂದಾಗ ಕೈಯಲ್ಲಿ ಚಾಪೆ ಇತ್ತು, ಗಂಡ ಪ್ರಾರ್ಥನೆಗೆ ಕೂರುತ್ತಿದ್ದದ್ದು. ಜಗಲಿಯಲ್ಲಿ ಹಾಸಿದರು.

"ಕೂತ್ಕೊ. ಮುರಿ."

ಅವನು ಕೂತ, ಅಪ್ಪಂ ಓರೆಕೋರೆಯಾಗಿ ಮುರಿಯಿತು. ಚೇಟತ್ತಿ ಎರಡೂ ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿದರು. ನುಂಗಲು ತುಂಬ ಹೊತ್ತು ಹಿಡಿಯಿತು. ಅಮ್ಮ ಅತ್ತರು, ನಾನೂ ಅತ್ತೆ. ಆಮೇಲೆ ಅಮ್ಮನ ಅಪ್ಪಂ ಅನ್ನು ಚಹಾದ ಜೊತೆ ಎಲ್ಲರೂ ತಿಂದೆವು. ಮೈದುನನೂ ತಿಂದ.

ಈಸ್ಟರ್ ಭಾನುವಾರ ಚೇಟತ್ತಿ ಕೋಳಿ ಸಾರು ತಂದರು. ಅಮ್ಮ ಕೇಳಿಯೇಬಿಟ್ಟರು, "ನಿಮ್ಮಿಂದ ಅದು ಹೇಗೆ ಆಯ್ತು?"

"ಗಂಡನನ್ನು ಕರ್ತನಿಗೆ ಒಪ್ಪಿಸಿದ್ದೆ" ಎಂದರು ಚೇಟತ್ತಿ. "ಸಿಟ್ಟನ್ನು ಒಪ್ಪಿಸಿರ್ಲಿಲ್ಲ. ಅದೊಂದು ನಂದು ಅಂತ ಇಟ್ಕೊಂಡಿದ್ದೆ. ಸತ್ತವ ಎದ್ದು ಬಂದ ಅಂತ ನಂಬುದು ನನಗೆ ಕಷ್ಟ ಅಲ್ಲ. ಎದ್ದು ಬಂದವ ತನ್ನನ್ನು ಬಿಟ್ಟು ಓಡಿದವರ ಮೇಲೂ ಸಿಟ್ಟು ಇಟ್ಕೊಳ್ಲಿಲ್ಲ ನೋಡಿ, ಕಷ್ಟ ಇರುದು ಅಲ್ಲಿ." ಪಾತ್ರೆಯ ಮುಚ್ಚಳ ಸರಿ ಮಾಡುತ್ತ ಮತ್ತೆ ಹೇಳಿದರು, "ಈಗಲೂ ಪೂರ್ತಿ ಹೋಗಿಲ್ಲ. ನಾಳೆ ಪುನಃ ಒಪ್ಪಿಸ್ಬೇಕು."

ಆ ವಾರವೇ ಗೇಟು ಹೋಯಿತು. ಅದರ ಎರಡು ಕಂಬಗಳು ಬಹಳ ವರ್ಷ ಹಾಗೇ ಇದ್ದವು. ಚೇಟತ್ತಿಯ ಕೊನೆಯ ದಿನಗಳಲ್ಲಿ ಅವರನ್ನು ಆ ದಾರಿಯಲ್ಲೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದದ್ದು ಮೈದುನ.

ಅಮ್ಮ ಹೋದದ್ದು ಕಳೆದ ವರ್ಷ.

ಮೊನ್ನೆ ಕತ್ತಲಾಗುವಾಗ ಕೆಳಗಿನ ಮನೆಯಾಕೆ ತಟ್ಟೆ ಹಿಡಿದು ಮೇಲೆ ಬಂದಳು. "ಇದು ನಿಮಗೇ ಬೇರೆ ಮಾಡಿದ್ದು ಆಂಟಿ" ಎಂದಳು. ಶಿಲುಬೆ ಇಲ್ಲದ್ದು. ಅವಳು ಹೋದ ಮೇಲೆ ಬೆರಳಿನಿಂದ ಒತ್ತಿ ನೋಡಿದೆ. ಮೆತ್ತಗೆ ಉಬ್ಬಿತ್ತು, ಸ್ವಲ್ಪ ಹುಳಿ. ಅಮ್ಮ ಮಾಡಿದ್ದೂ ಹೀಗೇ ಇತ್ತು. ನೋಡಿ ನಗಲು ಚೇಟತ್ತಿ ಇಲ್ಲ, ಮುಖ ಸಣ್ಣ ಮಾಡಿಕೊಳ್ಳಲು ಅಮ್ಮ ಇಲ್ಲ. ಒಬ್ಬಳೇ ಕೂತು ತಿಂದೆ. ಯಾರಿಗೆ ಒಪ್ಪಿಸಬೇಕೆಂದು ನನಗೆ ಚೇಟತ್ತಿಯ ಹಾಗೆ ಗೊತ್ತಿಲ್ಲ. ಗೊತ್ತಿದ್ದರೂ ಅಮ್ಮನನ್ನು ಒಪ್ಪಿಸಿಕೊಡಲು ನನಗೆ ಮನಸ್ಸಿಲ್ಲ. ಇನ್ನೂ ಇಲ್ಲ.