ಬಾಲದ ಗೂಡಿನ ಗಾಜು

ಕನ್ನಡಕದಂಗಡಿಯ ಅಕ್ಕನಿಗೆ ಹಟ ಹುಟ್ಟುಗುಣ. ಹಿಡಿದದ್ದನ್ನು ಬಿಟ್ಟವಳಲ್ಲ. ಅವಳ ಅಪ್ಪ ಯುದ್ಧದ ಕಾಲದಲ್ಲಿ ದೊಡ್ಡ ಬಾಂಬರ್ ವಿಮಾನದ ಬಾಲದ ತುದಿಯಲ್ಲಿ, ಗಾಜಿನ ಗೂಡೊಂದರಲ್ಲಿ ಮೆಷಿನ್‌ಗನ್ ಹಿಡಿದು ಕೂತವನು. ಹಿಂದಿನಿಂದ ಬರುವ ಶತ್ರುವನ್ನು ಮೊದಲು ಕಾಣಬೇಕಾದವನು ಆತನೇ. ಮನೆಗೆ ಮರಳಿದಾಗ ಎರಡು ಬೆರಳು ಚಳಿಗೆ ಸತ್ತುಹೋಗಿದ್ದವು. ಸರ್ಕಾರದ ವಿಮಾನದ ಗಾಜು ಒಡೆದು ಶಿಕ್ಷೆ ಉಂಡವನೆಂಬ ಕಳಂಕ ಬೇರೆ. ಯಾಕೆ ಒಡೆದೆ ಅಂತ ಯಾರು ಕೇಳಿದರೂ 'ಕಾಣ್ತಿರಲಿಲ್ಲ' ಎಂಬ ಒಂದೇ ಮಾತು. ಅಷ್ಟು ಸಿಕ್ಕಿದ್ದೇ ಚಿಕ್ಕಪ್ಪನಿಗೆ ಸಾಕಾಯಿತು. ಕುರುಡನ ಕೈಗೆ ಬಂದೂಕು ಕೊಟ್ಟರೆ ಇನ್ನೇನಾಗುತ್ತೆ ಎಂದು ರೆಕ್ಕೆಪುಕ್ಕ ಕಟ್ಟಿ ಬೀದಿಯನ್ನೆಲ್ಲ ನಗಿಸಿದ. ಅಪ್ಪನಿಗೆ 'ಗಾಜೊಡಕ' ಎಂಬ ಹೆಸರು ಅಂಟಿಕೊಂಡಿತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು?

ಅಂಗಡಿಯಲ್ಲಿ ಕೆಲಸ ಕಲಿತ ಹೊಸದರಲ್ಲಿ ಅವಳು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣು ಪರೀಕ್ಷಿಸಿದಳು. ಗೋಡೆಯ ಮೇಲಿನ ಅಕ್ಷರಗಳ ಕಟ್ಟಕಡೆಯ ಸಾಲನ್ನೂ ಆತ ನೀರು ಕುಡಿದಷ್ಟು ಸಲೀಸಾಗಿ ಓದಿಬಿಟ್ಟ. ಕುರುಡನಂತೆ, ಮಣ್ಣಂಗಟ್ಟಿ! ಹಾಗಾದರೆ ಕಾಣದಿದ್ದದ್ದು ಏನು? ಅದನ್ನು ಹೇಳದೆಯೇ ಅಪ್ಪ ತೀರಿಕೊಂಡ. ಅವಳಿಗೆ ಆ ಹೆಸರನ್ನು ತೊಳೆಯದೆ ನಿದ್ದೆ ಹತ್ತುವಂತಿರಲಿಲ್ಲ.

ಅಲ್ಲಿಂದ ಶುರುವಾಯಿತು ಹುಡುಕಾಟ. ಬಾಂಬರಿನ ಮೂಗಿನಲ್ಲಿ, ಬೆನ್ನಿನ ಮೇಲೆ, ಹೊಟ್ಟೆಯಡಿ, ಬಾಲದಲ್ಲಿ ಬಂದೂಕು ಎಲ್ಲೆಲ್ಲಿತ್ತು, ಕೂತವನಿಗೆ ಎಷ್ಟು ದೂರ ಕಾಣುತ್ತಿತ್ತು ಎಂದು ಹಳೆಯ ಪುಸ್ತಕಗಳನ್ನು ಜಾಲಾಡಿದಳು. ಊಟಕ್ಕೆ ಕೂತಾಗಲೂ ಅದೇ ಮಾತು. ಈ ಮನೆಯಲ್ಲಿ ತನಗಿರುವ ಜಾಗ ಬಾಲದ್ದೇ ಎಂದು ಗಂಡ ಚುಡಾಯಿಸುತ್ತಿದ್ದ. ಕೊನೆಗೆ ಬೇರೊಂದು ಊರಿನಲ್ಲಿ, ಅಪ್ಪನಂತೆಯೇ ಬಾಲದಲ್ಲಿ ಹಾರಿದ್ದ ಮುದುಕನೊಬ್ಬ ಸಿಕ್ಕ.

"ಒಡೆಯೋದೇನಮ್ಮ, ಎದುರಿನ ಗಾಜನ್ನ ನಾವೇ ತೆಗೀತಿದ್ವಿ," ಎಂದ ಆತ. "ಅದರ ಮೇಲೆ ಒಂದು ಎಣ್ಣೆ ಚುಕ್ಕೆ ಇದ್ರೂ ಕತ್ತಲಲ್ಲಿ ಶತ್ರು ವಿಮಾನದ ಹಾಗೇ ಕಾಣೋದು. ಮಂಜು ಕಟ್ಟಿದ್ರಂತೂ ಏನೂ ಕಾಣ್ತಿರಲಿಲ್ಲ. ಗಾಜು ತೆಗೆದ್ರೆ ಚಳಿಗೆ ನಮ್ಮ ಬೆರಳು ಹೋಗ್ತಿತ್ತು, ಆದ್ರೆ ವಿಮಾನದಲ್ಲಿ ಇದ್ದೋರೆಲ್ಲ ಉಳೀತಿದ್ರು."

ಕೆಲವು ಮೇಲಧಿಕಾರಿಗಳು ಕಂಡೂ ಕಾಣದಂತೆ ಇರುತ್ತಿದ್ದರಂತೆ, ಕೆಲವರು ಶಿಕ್ಷೆ ಕೊಡುತ್ತಿದ್ದರಂತೆ. ಅವಳು ಹೊರಗೆ ಬಂದು ಬೀದಿಯಲ್ಲೇ ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಅದೇ ಹೊತ್ತಿಗೆ ಒಂದು ಮ್ಯೂಸಿಯಂನವರು ಅಂಥದ್ದೇ ಹಳೆಯ ಬಾಂಬರ್ ಒಂದನ್ನು ರಿಪೇರಿ ಮಾಡುತ್ತಿದ್ದರು. ಪ್ರದರ್ಶನಕ್ಕೆ ಅಪ್ಪ ವಿಮಾನದಲ್ಲಿ ಹಾಕಿಕೊಳ್ಳುತ್ತಿದ್ದ ಕೈಗವಸು ಬೇಕೆಂದು ಅವಳನ್ನು ಕೇಳಿದರು. ಹೋಗಿ ನೋಡಿದರೆ ಬಾಲದ ಗೂಡಿಗೆ ಹೊಚ್ಚಹೊಸ ಗಾಜು ಫಳಫಳ ಹೊಳೆಯುತ್ತಿದೆ! ಅವಳು ಕೈಗವಸನ್ನು ಚೀಲಕ್ಕೆ ವಾಪಸು ತುರುಕಿ, ಮೊದಲು ಗಾಜು ತೆಗೆಯಿರಿ ಎಂದಳು. ತೆರೆದ ಕಿಂಡಿ ಕಂಡರೆ ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆಂದು ಜನ ಆಡಿಕೊಳ್ಳುತ್ತಾರೆ ಅಂತ ಅಲ್ಲಿನ ಮುಖ್ಯಸ್ಥ ಗೋಗರೆದ.

"ಆಡಿಕೊಳ್ಳಲಿ ಬಿಡಿ ಸಾರ್. ನಮ್ಮಪ್ಪನ್ನ ಸಾಯೋವರೆಗೂ ಆಡಿಕೊಂಡ್ರು."

ಆತ ಬಹಳ ದಿನ ಎಳೆದಾಡಿ ಒಪ್ಪಿದ. ಆದರೆ ಪಕ್ಕದ ಫಲಕದಲ್ಲಿ 'ಒಡೆದ ಗಾಜು' ಎಂದು ಬರೆಸಿದ್ದ. ಮತ್ತೆ ಜಗಳ. ಒಡೆಯುವುದು ಬೇರೆ, ತೆಗೆಯುವುದು ಬೇರೆ, ಆ ಒಂದು ಮಾತು ಸರಿಯಾಗುವವರೆಗೆ ಕೈಗವಸು ಇಲ್ಲ ಎಂದು ಅವಳು ಖಡಾಖಂಡಿತ ಹೇಳಿದಳು. ಇವಳ ಸಹವಾಸ ಸಾಕಪ್ಪಾ ಎನಿಸಿ ತಿದ್ದಿಸಿದ: 'ಸ್ಪಷ್ಟವಾಗಿ ಕಾಣಲೆಂದು ಗನ್ನರುಗಳೇ ತೆಗೆದ ಗಾಜಿನ ಜಾಗ.'

ಪ್ರದರ್ಶನ ತೆರೆದ ದಿನ ಅವಳು ಬೇಕೆಂದೇ ಚಿಕ್ಕಪ್ಪನನ್ನು ಕರೆತಂದಳು. ಕೋಲೂರಿಕೊಂಡು ಬಂದ ಮುದುಕ ಫಲಕ ಓದಿದ, ಕಿಂಡಿ ನೋಡಿದ, ಇದೇನಮ್ಮ ಎಂದು ಕೇಳಿದ. ಅವಳು ಬೇರೆ ಊರಿನ ಆ ಮುದಿ ಗನ್ನರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವನು ಅಲ್ಲಿದ್ದ ಬೆಂಚಿನ ಮೇಲೆ ಕುಸಿದು ಕೂತ.

"ನಾನು ತಮಾಷೆಗೆ ಅಂದಿದ್ದು ಕಣಮ್ಮ," ಎಂದು ಕಣ್ಣೊರೆಸಿಕೊಂಡ. "ಅಣ್ಣನೇ ಇಲ್ಲ. ಈಗ ಯಾರ ಹತ್ರ ತಪ್ಪಾಯ್ತು ಅನ್ನಲಿ?"

ಅವಳಿಗೆ ಅಯ್ಯೋ ಅನಿಸಿತು. ಆದರೂ ಮನಸ್ಸು ಕರಗಲಿಲ್ಲ. ತೋಳು ಹಿಡಿದು ಎಬ್ಬಿಸಿದಳು.

"ಅಪ್ಪ ಇಲ್ಲ, ಬೀದಿ ಇದೆಯಲ್ಲ ಚಿಕ್ಕಪ್ಪ. ನಡೀರಿ. ಅವತ್ತು ಹೇಳಿದಷ್ಟೇ ಜೋರಾಗಿ ಹೇಳಿ."