ನಕಾಶೆಯಲ್ಲಿ ಕೂಡಿದ್ದ ರಸ್ತೆ

ನನಗೆ ಯಾರ ಮೇಲೂ ನಂಬಿಕೆಯಿಲ್ಲ, ಲೇಔಟ್ ಮಾಡುವವರ ಮೇಲಂತೂ ಮೊದಲೇ ಇಲ್ಲ. ನಿನ್ನೆ ಭತ್ತದ ಗದ್ದೆಯಾಗಿದ್ದ ಜಾಗದಲ್ಲಿ ಇವತ್ತು ಕಲ್ಲು ನೆಟ್ಟು ‘ನಗರ’ ಎಂದು ಬೋರ್ಡು ಹಾಕುವವರನ್ನು ಹೇಗೆ ನಂಬಲಿ? ಸಿಂಧನೂರಿನಲ್ಲಿ ಸೈಟು ಕೊಳ್ಳುವಾಗ ನಕಾಶೆಯನ್ನು ನಾಲ್ಕು ಸಲ ಬಿಚ್ಚಿ ನೋಡಿದ್ದೆ. ನಮ್ಮ ರಸ್ತೆ ನೇರ ಹೋಗಿ ಹಿಂದಿನ ಲೇಔಟಿನ ರಸ್ತೆಗೆ ಕೂಡುತ್ತಿತ್ತು. ಅದನ್ನು ಖಾತ್ರಿ ಮಾಡಿಕೊಂಡೇ ಲಿಂಗಸುಗೂರಿನಲ್ಲಿದ್ದ ಅಕ್ಕನಿಗೆ ಆ ಹಿಂದಿನ ಲೇಔಟಿನಲ್ಲಿ ಸೈಟು ಕೊಡಿಸಿದೆ. ಅವಳಿಗೆ ಮೊಣಕಾಲು ನೋವು. “ನಾಕು ಹೆಜ್ಜಿ ಇಟ್ರ ನಿನ್ನ ಮನಿ ಸಿಗಬೇಕು ನೋಡಪಾ” ಎಂದಿದ್ದಳು. ಸಿಗುತ್ತಿತ್ತು ಕೂಡ. ದಿನಾ ಸಂಜೆ ಬಂದು, ನನ್ನ ಹೆಂಡತಿ ಮಾಡಿದ ಚಹಾಕ್ಕೆ ಸಕ್ಕರೆ ಕಮ್ಮಿ ಎಂದು ಬೈಯುತ್ತಲೇ ಎರಡು ಲೋಟ ಕುಡಿಯುತ್ತಿದ್ದಳು.

ಆಮೇಲೆ ನಮ್ಮ ಓಣಿಯಲ್ಲಿ ಒಂದು ಬೈಕು ಕಳುವಾಯಿತು. ಎದುರುಮನೆಯವರು ಅರ್ಜಿ ಹಿಡಿದು ಬಂದರು. “ಹೊರಗಿನ ಮಂದಿ ಬರೋದು ಬಂದ್ ಮಾಡಬೇಕ್ರೀ ಸರ್.” ನನಗೆ ನೆನಪಾದದ್ದು ಮಸ್ಕಿ ರಸ್ತೆಯ ಮೂಲೆಯಲ್ಲಿ ಸುಮ್ಮನೆ ನಿಂತಿರುವ ಹುಡುಗರು. ಅವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಪೆನ್ನು ಕಸಿದುಕೊಂಡು ಮೊದಲ ಸಹಿ ನಾನೇ ಹಾಕಿದೆ. ಓದಲಿಲ್ಲ.

ಒಂದು ಸಂಜೆ ಮಸ್ಕಿಯ ಕಚೇರಿಯಿಂದ ಬಸ್ಸಿಳಿದು ಬಂದರೆ, ರಸ್ತೆಯ ಕೊನೆಗೆ ಆಳೆತ್ತರದ ಗೋಡೆ! ಇದು ಲೇಔಟ್ ಮಾಡಿದವರದೇ ಕುತಂತ್ರ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. “ನೀವಽ ಹಿಂಗಂದ್ರ ಹ್ಯಾಂಗ್ರೀ ಸರ್?” ಎಂದು ಎದುರುಮನೆಯವರು ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಇವರೇಕೆ ಹೆಗಲು ಮುಟ್ಟಿಕೊಳ್ಳುತ್ತಾರೆ ಎಂದುಕೊಂಡೆ.

ಮರುದಿನ ಅಕ್ಕ ಊರೆಲ್ಲ ಸುತ್ತಿ ಆಟೋದಲ್ಲಿ ಬಂದಳು. ಕೈಯಲ್ಲಿ ಆ ಅರ್ಜಿಯ ಜೆರಾಕ್ಸ್. ಅವಳ ಓಣಿಯವರಿಗೆ ಹೇಗೋ ಸಿಕ್ಕಿತ್ತು.

“ಓದು” ಎಂದಳು.

‘ಹಿಂದಿನ ಲೇಔಟಿನವರಿಂದ ಕಳ್ಳತನವಾಗುತ್ತಿರುವ ಕಾರಣ, ರಸ್ತೆಗೆ ಗೋಡೆ ಕಟ್ಟಲು ನಮ್ಮ ಒಪ್ಪಿಗೆಯಿದೆ.’ ಕೆಳಗೆ ಮೊದಲ ಸಹಿ ನನ್ನದು.

“ನಾ ಇದನ್ನ ಓದಿಲ್ಲಬೇ ಅಕ್ಕಾ. ಆಣಿ ಮಾಡ್ತೀನಿ.”

“ನಕಾಶಿ ನಾಕು ಸಲ ನೋಡಾಂವ, ಇದನ್ನ ಓದಿಲ್ಲಂದ್ರ ನಾ ನಂಬಬೇಕೇನು?”

ಹೆಂಡತಿ ತಂದ ಚಹಾವನ್ನು ಅವಳು ಮುಟ್ಟಲಿಲ್ಲ. ಅವಳು ಹೋದ ಮೇಲೆ ನಾನು ಮಾಳಿಗೆ ಹತ್ತಿ ನಿಂತೆ. ಗೋಡೆಯಾಚೆ ಅವಳ ಬಾಗಿಲು ಅಲ್ಲೇ ಕಾಣುತ್ತದೆ. ಆಟೋ ಮುಖ್ಯರಸ್ತೆ ಸುತ್ತಿ ಅಲ್ಲಿಗೆ ಬರಲು ಬಹಳ ಹೊತ್ತಾಯಿತು. ಅಕ್ಕ ಮೊಣಕಾಲು ಹಿಡಿದುಕೊಂಡು ಇಳಿದಳು, ತಲೆಯೆತ್ತಿ ನನ್ನನ್ನು ನೋಡಿದಳು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.